ಬೆಳೆಯುವ ಮಗುವಿಗೆ ಬೆಳೆಯದ ಜೀವನಾಂಶವೇ?

ಗೃಹಸ್ಥಾಶ್ರಮವನ್ನು ಕೀಳೆಂದು ಬಗೆಯದೆ, ಅದನ್ನೇ ಶಿವಪಥಕ್ಕೆ ಸೋಪಾನವನ್ನಾಗಿಸಿಕೊಂಡ ಧರ್ಮ ನಮ್ಮದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುಮಂದಿ ಸಂಸಾರಿಗಳು. ಸತಿಪತಿಗಳಿಬ್ಬರೂ ಅನುಭವ ಮಂಟಪದ ಗೋಷ್ಠಿಯಲ್ಲಿ ಸಮಾನ ಪೀಠದಲ್ಲಿ ಕುಳಿತವರು. ಇಂತಹ ಪರಂಪರೆಯ ವಾರಸುದಾರರಾದ ನಮ್ಮ ಮನೆಗಳಲ್ಲಿ ದಾಂಪತ್ಯ ಮುರಿದುಬೀಳಬಾರದೆಂಬುದು ಎಲ್ಲರ ಹಾರೈಕೆ. ಆದರೆ ಹಾರೈಕೆಯೊಂದು, ಲೋಕದ ನಡೆಯೊಂದು. ಮುರಿದ ಮನೆಗಳು ಇಂದು ಪಟ್ಟಣಗಳಲ್ಲಿ ಮಾತ್ರವಲ್ಲ, ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಉಡಿಗಾಲದಂತಹ ಹಳ್ಳಿಗಳ ಸುತ್ತಿನಲ್ಲಿಯೂ ಇವೆ. ಗಂಡ ಹೆಂಡಿರು ಬೇರೆಯಾದಾಗ ನೆಂಟರಿಷ್ಟರು ಯಾರದು ತಪ್ಪು, ಯಾರದು ಒಪ್ಪು ಎಂದು ವರ್ಷಗಟ್ಟಲೆ ತರ್ಕಿಸುತ್ತಾರೆ. ಆ ತರ್ಕದ ನಡುವೆ ಮರೆತುಹೋಗುವುದು ಒಂದೇ ಜೀವ: ಮಗು.

ಆ ಮಗುವಿನ ಅನ್ನ, ಬಟ್ಟೆ, ಓದು, ಔಷಧಿಗಳಿಗೆಂದು ತಂದೆ ತಿಂಗಳು ತಿಂಗಳು ಕೊಡಬೇಕಾದ ಹಣಕ್ಕೆ ಜೀವನಾಂಶವೆಂದು ಹೆಸರು. ಒಮ್ಮೆ ನ್ಯಾಯಾಲಯದಲ್ಲಿಯೋ ಹಿರಿಯರ ಸಮ್ಮುಖದಲ್ಲಿಯೋ ಒಂದು ಮೊತ್ತ ನಿಗದಿಯಾದರೆ, ಅದು ಕಲ್ಲಿನಲ್ಲಿ ಕೊರೆದ ಶಾಸನವೆಂದೇ ನಮ್ಮ ತಾಯಂದಿರು ಭಾವಿಸುತ್ತಾರೆ. ಮಗು ಬೆಳೆಯುತ್ತದೆ, ಬೆಲೆ ಬೆಳೆಯುತ್ತದೆ, ತಂದೆಯ ಸಂಪಾದನೆಯೂ ಬೆಳೆಯಬಹುದು; ಬೆಳೆಯದೆ ಉಳಿಯುವುದು ಜೀವನಾಂಶವೊಂದೇ. ಈ ಮೊತ್ತವನ್ನು ಹೆಚ್ಚಿಸಿಕೊಳ್ಳಲು ಧರ್ಮದ ಸಮ್ಮತಿಯೂ ಕಾನೂನಿನ ದಾರಿಯೂ ಇವೆಯೆಂಬುದನ್ನು ಸದ್ಭಕ್ತ ಕುಟುಂಬಗಳ ಗಮನಕ್ಕೆ ತರುವುದೇ ಈ ಬರಹದ ಉದ್ದೇಶ.

ಐನೂರು ರೂಪಾಯಿಯ ಗೋಡೆ

ಜೀವನಾಂಶದ ಮೊತ್ತ ಕಾಲದೊಡನೆ ಬದಲಾಗಬೇಕೆಂಬ ತಿಳಿವಳಿಕೆ ನಮ್ಮ ದೇಶದ ಕಾನೂನಿಗೇ ನಿಧಾನವಾಗಿ ಬಂದಿತು. ಬ್ರಿಟಿಷರ ಕಾಲದಿಂದ ಬಂದ ದಂಡ ಪ್ರಕ್ರಿಯಾ ಸಂಹಿತೆಗೆ ೧೯೫೫ರಲ್ಲಿ ತಿದ್ದುಪಡಿಯಾಗಿ, ದಂಡಾಧಿಕಾರಿಗಳು ತಿಂಗಳಿಗೆ ಗರಿಷ್ಠ ೫೦೦ ರೂಪಾಯಿಯವರೆಗೆ ಜೀವನಾಂಶ ವಿಧಿಸಬಹುದೆಂದಾಯಿತು. ೧೯೭೩ರಲ್ಲಿ ಹೊಸ ಸಂಹಿತೆ ರಚಿತವಾಗಿ ಮರುವರ್ಷ ಏಪ್ರಿಲ್ ೧ರಿಂದ ಜಾರಿಗೆ ಬಂದಾಗ ಅದರ ೧೨೫ನೆಯ ಕಲಮಿನಲ್ಲಿಯೂ ಅದೇ ೫೦೦ ರೂಪಾಯಿ ಉಳಿಯಿತು. ಈ ಮಿತಿ ಹೆಂಡತಿ ಮಕ್ಕಳೆಲ್ಲರಿಗೂ ಸೇರಿಯೋ, ತಲೆಗೊಂದರಂತೆಯೋ ಎಂಬ ಸಂದೇಹ ಎದ್ದಾಗ, ೧೯೭೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಅದು ತಲೆಗೊಂದರಂತೆ ಎಂದು ಅರ್ಥೈಸಿ, ಕಾನೂನಿನ ಅಕ್ಷರಕ್ಕೆ ಕರುಣೆಯ ಉಸಿರು ತುಂಬಿದರು.

ಆಗಿನ ಮೊತ್ತಗಳು ಎಷ್ಟು ಅಲ್ಪವಾಗಿದ್ದವೆಂಬುದಕ್ಕೆ ದೇಶವೆಲ್ಲ ಬಲ್ಲ ಶಾಬಾನು ಪ್ರಕರಣವೇ ಸಾಕ್ಷಿ. ಇಂದೋರಿನ ದಂಡಾಧಿಕಾರಿಗಳು ೧೯೭೯ರಲ್ಲಿ ಆಕೆಗೆ ವಿಧಿಸಿದ್ದು ತಿಂಗಳಿಗೆ ೨೫ ರೂಪಾಯಿ. ಆಕೆ ಹೆಚ್ಚಳ ಕೋರಿದ ಮೇಲೆ ಮಧ್ಯಪ್ರದೇಶ ಉಚ್ಚ ನ್ಯಾಯಾಲಯ ಅದನ್ನು ೧೭೯ ರೂಪಾಯಿ ೨೦ ಪೈಸೆಗೆ ಏರಿಸಿತು. ೧೯೮೫ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಆ ತೀರ್ಪಿನ ಸುತ್ತ ಎದ್ದ ವಾದವಿವಾದಗಳು ಬೇರೆ. ನಾವು ಗಮನಿಸಬೇಕಾದುದು ಇಷ್ಟೆ: ಕೊಟ್ಟುದು ಸಾಲದೆಂದು ಧೈರ್ಯವಾಗಿ ಕೇಳಿದವರಿಗೆ ನ್ಯಾಯಾಲಯದ ಬಾಗಿಲು ಅಂದೂ ಮುಚ್ಚಿರಲಿಲ್ಲ.

೫೦೦ ರೂಪಾಯಿಯ ಆ ಗೋಡೆ ಕೆಡವಲ್ಪಟ್ಟುದು ೨೦೦೧ರ ಸೆಪ್ಟೆಂಬರ್‌ನಲ್ಲಿ. ಆ ವರ್ಷದ ತಿದ್ದುಪಡಿ ಗರಿಷ್ಠ ಮಿತಿಯನ್ನೇ ತೆಗೆದುಹಾಕಿತು. ವಿಚಾರಣೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಕೊಡಿಸಲು ಅವಕಾಶ ಕಲ್ಪಿಸಿತು. ಮಧ್ಯಂತರ ಅರ್ಜಿಯನ್ನು ಎದುರುದಾರರಿಗೆ ನೋಟೀಸು ಮುಟ್ಟಿದ ೬೦ ದಿನಗಳೊಳಗೆ ಸಾಧ್ಯವಾದಮಟ್ಟಿಗೆ ತೀರ್ಮಾನಿಸಬೇಕೆಂದೂ ಹೇಳಿತು. ೧೯೫೫ರಿಂದ ೨೦೦೧ರವರೆಗೆ ೪೬ ವರ್ಷ! ಅಷ್ಟರಲ್ಲಿ ಒಂದು ಪೀಳಿಗೆ ಬೆಳೆದು, ಮದುವೆಯಾಗಿ, ತಾನೇ ಅಜ್ಜ ಅಜ್ಜಿಯಾಗಿತ್ತು. ಮೊತ್ತ ನಿಂತಲ್ಲೇ ನಿಂತಿತ್ತು.

ನಮಗೆ ಅನ್ವಯಿಸುವ ಕಾನೂನು

ಲಿಂಗಾಯತರಿಗೆ ಯಾವ ಕಾನೂನು ಅನ್ವಯಿಸುತ್ತದೆಂದು ನಮ್ಮನ್ನು ಕೇಳುವವರುಂಟು. ೧೯೫೫ರ ಹಿಂದೂ ವಿವಾಹ ಅಧಿನಿಯಮವೂ, ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವೂ ತಮ್ಮ ಎರಡನೆಯ ಕಲಮಿನಲ್ಲಿಯೇ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿ ತಮ್ಮ ವ್ಯಾಪ್ತಿಗೆ ಸೇರಿಸಿಕೊಂಡಿವೆ. ಧರ್ಮದ ಸ್ವರೂಪದ ಬಗ್ಗೆ ನಡೆಯುವ ಚರ್ಚೆಗಳೇನೇ ಇರಲಿ, ಮಗುವಿನ ಪಾಲನೆಯ ವಿಷಯದಲ್ಲಿ ಕಾನೂನಿಗೆ ಗೊಂದಲವಿಲ್ಲ.

ವಿವಾಹ ಅಧಿನಿಯಮದ ೨೬ನೆಯ ಕಲಮು ಮಕ್ಕಳ ಸುಪರ್ದಿ, ಪಾಲನೆ, ಶಿಕ್ಷಣಗಳ ಕುರಿತು ನ್ಯಾಯಾಲಯ ಮಾಡಿದ ವ್ಯವಸ್ಥೆಯನ್ನು ಕಾಲಕಾಲಕ್ಕೆ ಬದಲಿಸಲು ಅಧಿಕಾರ ಕೊಡುತ್ತದೆ. ಜೀವನಾಂಶ ಅಧಿನಿಯಮದ ೨೫ನೆಯ ಕಲಮು, ನ್ಯಾಯಾಲಯದ ಆದೇಶದಿಂದಾಗಲಿ ಒಪ್ಪಂದದಿಂದಾಗಲಿ ನಿಗದಿಯಾದ ಮೊತ್ತವನ್ನು ಸನ್ನಿವೇಶ ಬದಲಾದಾಗ ಮಾರ್ಪಡಿಸಬಹುದೆಂದು ಸ್ಪಷ್ಟವಾಗಿ ಸಾರುತ್ತದೆ. ದಂಡ ಪ್ರಕ್ರಿಯಾ ಸಂಹಿತೆಯ ೧೨೭ನೆಯ ಕಲಮಿನಲ್ಲಿಯೂ ಇದೇ ಅವಕಾಶವಿತ್ತು. ೨೦೨೪ರ ಜುಲೈ ೧ರಿಂದ ಆ ಹಳೆಯ ಸಂಹಿತೆಯ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಜೀವನಾಂಶದ ಮೂಲ ವಿಧಿ ೧೪೪ನೆಯ ಕಲಮು, ಮೊತ್ತದ ಮಾರ್ಪಾಟಿಗೆ ೧೪೬, ಆದೇಶದ ಜಾರಿಗೆ ೧೪೭. ಸಂಖ್ಯೆ ಬದಲಾಯಿತೇ ಹೊರತು ಹಕ್ಕು ಬದಲಾಗಿಲ್ಲ.

ಜೀವನಾಂಶವೆಂದರೆ ಬರಿಯ ಹೊಟ್ಟೆಪಾಡಲ್ಲ. ೧೯೫೬ರ ಅಧಿನಿಯಮದ ವ್ಯಾಖ್ಯೆಯಲ್ಲಿ ಅನ್ನ, ವಸ್ತ್ರ, ವಸತಿ, ವಿದ್ಯೆ, ವೈದ್ಯೋಪಚಾರ ಈ ಐದೂ ಸೇರಿವೆ. ಅವಿವಾಹಿತ ಮಗಳಾದರೆ ಮದುವೆಯ ನ್ಯಾಯವಾದ ಖರ್ಚೂ ಸೇರುತ್ತದೆ. ದಂಡಾಧಿಕಾರಿಗಳ ಮುಂದಿನ ಜೀವನಾಂಶ ಸಾಮಾನ್ಯವಾಗಿ ಮಗುವಿಗೆ ೧೮ ವರ್ಷ ತುಂಬುವವರೆಗೆ. ದೇಹ ಅಥವಾ ಬುದ್ಧಿಯ ಊನದಿಂದ ತನ್ನ ಪಾಲನೆ ತಾನು ಮಾಡಿಕೊಳ್ಳಲಾರದ ಮಗುವಿಗೆ ಆಮೇಲೂ ಉಂಟು. ವಯಸ್ಕಳಾದ ಅವಿವಾಹಿತ ಮಗಳು ತನ್ನನ್ನು ತಾನು ಪೋಷಿಸಿಕೊಳ್ಳಲಾರಳಾದರೆ ೧೯೫೬ರ ಅಧಿನಿಯಮದ ೨೦ನೆಯ ಕಲಮಿನಡಿ ತಂದೆಯಿಂದ ಜೀವನಾಂಶ ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಗಳಿಗೆ ಹದಿನೆಂಟು ತುಂಬಿದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯಬೇಕಾಗಿಲ್ಲ.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗಾಗಿ ಉಡಿಗಾಲದ ಸುತ್ತಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಆರು ವರ್ಷದ ಹೆಣ್ಣುಮಗುವಿಗೆ ತಿಂಗಳಿಗೆ ೨,೦೦೦ ರೂಪಾಯಿ ಜೀವನಾಂಶ ನಿಗದಿಯಾಯಿತೆನ್ನಿ. ಒಂಬತ್ತು ವರ್ಷ ಕಳೆದು ಮಗು ಹತ್ತನೆಯ ತರಗತಿಗೆ ಬಂದಿತು. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದುವೆಂದು ಇಟ್ಟುಕೊಂಡರೂ, ಅಂದಿನ ೨,೦೦೦ ರೂಪಾಯಿಯ ಸಾಮಾನು ಕೊಳ್ಳಲು ಇಂದು ಸುಮಾರು ೩,೩೮೦ ರೂಪಾಯಿ ಬೇಕು. ತಿರುಗಿಸಿ ಹೇಳುವುದಾದರೆ, ಇಂದು ತಾಯಿಯ ಕೈಗೆ ಬರುವ ೨,೦೦೦ಕ್ಕೆ ಅಂದಿನ ಲೆಕ್ಕದಲ್ಲಿ ಸುಮಾರು ೧,೧೮೫ ರೂಪಾಯಿಯ ಬೆಲೆ ಮಾತ್ರ. ತಂದೆ ಒಂದು ತಿಂಗಳೂ ತಪ್ಪಿಸದೆ ಕೊಟ್ಟಿರಬಹುದು. ಆದರೂ ಮಗುವಿನ ಪಾಲು ವರ್ಷ ವರ್ಷವೂ ಕರಗಿದೆ.

ಇದು ಬೆಲೆಯೇರಿಕೆಯ ಲೆಕ್ಕ ಮಾತ್ರ. ಆರು ವರ್ಷದ ಕೂಸಿನ ಅಗತ್ಯವೇ ಬೇರೆ, ಹದಿನೈದು ವರ್ಷದ ಹುಡುಗಿಯ ಅಗತ್ಯವೇ ಬೇರೆ. ಊಟದ ಪ್ರಮಾಣ, ಬಟ್ಟೆಯ ಅಳತೆ, ಪುಸ್ತಕಗಳ ಸಂಖ್ಯೆ ಎಲ್ಲವೂ ಬೆಳೆದಿವೆ. ಹತ್ತನೆಯ ತರಗತಿ ಮುಗಿದರೆ ಪದವಿಪೂರ್ವ ಕಾಲೇಜಿಗೆ ಚಾಮರಾಜನಗರಕ್ಕೋ ಗುಂಡ್ಲುಪೇಟೆಗೋ ಹೋಗಬೇಕು. ವಿಜ್ಞಾನ ಓದುವ ಆಸೆಯಿದ್ದರೆ ಮನೆಪಾಠದ ಶುಲ್ಕ. ಮೈಸೂರಿಗೆ ಹೋದರೆ ಹಾಸ್ಟೆಲಿನ ಖರ್ಚು. ಹಣ ಸಾಲದಾದಾಗ ಮನೆಯಲ್ಲಿ ಮೊದಲು ನಿಲ್ಲುವುದು ಹೆಣ್ಣುಮಗಳ ಓದು. ಅದರ ಹಿಂದೆಯೇ ಬರುವುದು ಬೇಗ ಮದುವೆ ಮಾಡಿ ಹೊಣೆ ಕಳೆದುಕೊಳ್ಳುವ ಯೋಚನೆ. ಜೀವನಾಂಶದ ಹೆಚ್ಚಳವೆಂಬ ಒಣ ಮಾತಿನ ಹಿಂದೆ ಇರುವ ನಿಜವಾದ ಪ್ರಶ್ನೆ ಇದು: ಆ ಹುಡುಗಿ ಓದುವಳೋ, ಓದು ಬಿಡುವಳೋ?

ಸನ್ನಿವೇಶ ಬದಲಾಯಿತೆಂದರೇನು?

ಹೆಚ್ಚಳ ಕೋರುವವರು ನ್ಯಾಯಾಲಯಕ್ಕೆ ತೋರಿಸಬೇಕಾದುದು ಒಂದೇ: ಹಿಂದಿನ ಆದೇಶದ ತರುವಾಯ ಸನ್ನಿವೇಶ ಬದಲಾಗಿದೆ ಎಂಬುದು. ಮಗುವಿನ ವಯಸ್ಸು ಹಾಗೂ ತರಗತಿ ಏರಿದುದು, ಬೆಲೆಯೇರಿಕೆ, ಕಾಯಿಲೆ, ತಂದೆಯ ಸಂಬಳ ಅಥವಾ ಆಸ್ತಿಯಲ್ಲಿ ವೃದ್ಧಿ, ತಾಯಿಯ ದುಡಿಮೆ ನಿಂತುದು ಇವೆಲ್ಲವೂ ಬದಲಾದ ಸನ್ನಿವೇಶಗಳೇ. ಹಳೆಯ ಜಗಳವನ್ನು ಮತ್ತೆ ಕೆದಕುವ ಅಗತ್ಯ ಇಲ್ಲಿಲ್ಲ. ಯಾರು ಯಾರನ್ನು ಬಿಟ್ಟರು, ಯಾರ ಮಾತು ಯಾರಿಗೆ ನೋವಾಯಿತು ಎಂಬ ಪುರಾಣವನ್ನು ಬದಿಗಿಟ್ಟು, ಅಂದಿನ ಖರ್ಚೆಷ್ಟು, ಇಂದಿನ ಖರ್ಚೆಷ್ಟು, ಅಂದಿನ ಆದಾಯವೆಷ್ಟು, ಇಂದಿನದೆಷ್ಟು ಎಂಬ ನಾಲ್ಕು ಲೆಕ್ಕಗಳನ್ನು ಶಾಂತವಾಗಿ ಮುಂದಿಟ್ಟರೆ ಸಾಕು.

೨೦೨೦ರ ನವೆಂಬರ್ ೪ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ಒಂದು ತೀರ್ಪು ಈ ವಿಷಯದಲ್ಲಿ ದೇಶಕ್ಕೆಲ್ಲ ದಾರಿದೀಪವಾಗಿದೆ. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ಪ್ರಮಾಣಪತ್ರದ ಮೂಲಕ ನ್ಯಾಯಾಲಯಕ್ಕೆ ತಿಳಿಸಲೇಬೇಕೆಂದು ಅದು ವಿಧಿಸಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದಿತು. ತಾಯಿ ದುಡಿಯುತ್ತಾಳೆಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪದು. ಮಕ್ಕಳ ವಿದ್ಯಾಭ್ಯಾಸದ ವೆಚ್ಚ ಸಾಮಾನ್ಯವಾಗಿ ತಂದೆಯದು, ತಾಯಿಗೂ ಸಾಕಷ್ಟು ಸಂಪಾದನೆಯಿದ್ದರೆ ಇಬ್ಬರೂ ತಮ್ಮ ಶಕ್ತಿಗೆ ತಕ್ಕಂತೆ ಹಂಚಿಕೊಳ್ಳಬೇಕು ಎಂದೂ ಹೇಳಿತು. ಇದರಿಂದ ಒಂದು ಪಾಠ ಕಲಿಯಬೇಕು: ಹೆಚ್ಚಳವನ್ನು ಅರ್ಜಿಯ ಹಿಂದಿನ ವರ್ಷಗಳಿಗೂ ಕೊಡಿಸುವರೆಂದು ನಂಬಿ ಕೂರಬಾರದು. ಸಂಕೋಚದಿಂದ ಕಳೆದ ಒಂದೊಂದು ವರ್ಷವೂ ಮಗುವಿನ ಪಾಲಿಗೆ ನಷ್ಟವೇ.

ಬೇಸಾಯಗಾರನ ಆದಾಯ

ಸರ್ಕಾರಿ ನೌಕರನ ಸಂಬಳ ಕಾಗದದ ಮೇಲೆ ಇರುತ್ತದೆ. ನಮ್ಮ ಸೀಮೆಯ ಬಹುಪಾಲು ಮನೆಗಳ ಬದುಕು ಮಣ್ಣಿನ ಮೇಲೆ ನಿಂತಿದೆ. ಅರಿಶಿನ, ಸಾಂಬಾರು ಈರುಳ್ಳಿ, ಬಾಳೆ, ಚೆಂಡುಹೂ, ಟೊಮೆಟೊ. ಒಂದು ವರ್ಷ ಬೆಲೆ ಮುಗಿಲಿಗೇರಿದರೆ ಮರುವರ್ಷ ಕೊಯ್ದ ಕೂಲಿಯೂ ಹುಟ್ಟದು. ಈ ಏರಿಳಿತವನ್ನೇ ಮುಂದೊಡ್ಡಿ ‘ನನಗೆ ಆದಾಯವೇ ಇಲ್ಲ’ ಎನ್ನುವವರುಂಟು. ‘ಜಮೀನು ಅಪ್ಪನ ಹೆಸರಿನಲ್ಲಿದೆ, ನನ್ನದೇನಿಲ್ಲ’ ಎನ್ನುವವರೂ ಉಂಟು.

ನ್ಯಾಯಾಲಯಗಳು ಈ ಮಾತಿಗೆ ಸುಲಭವಾಗಿ ಮರುಳಾಗುವುದಿಲ್ಲ. ದೇಹದಲ್ಲಿ ಶಕ್ತಿಯಿರುವ ಗಂಡಸು ದುಡಿದು ಮಕ್ಕಳನ್ನು ಸಾಕಬೇಕೆಂಬುದು ನೆಲೆಗೊಂಡ ನ್ಯಾಯತತ್ತ್ವ. ಕಾಯಕವೇ ಕೈಲಾಸವೆಂದು ನಂಬಿದ ನಮಗೆ ಇದು ಹೊಸ ಮಾತೇನಲ್ಲ. ಆದರೂ ತಾಯಿ ಬರಿಗೈಯಲ್ಲಿ ಹೋಗಬಾರದು. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವೂ ಬೆಳೆಯ ವಿವರವೂ ಸಿಗುತ್ತವೆ. ಅದು ಯಾರಿಗಾದರೂ ದೊರೆಯುವ ದಾಖಲೆ. ಕೊಳವೆಬಾವಿಯ ವಿದ್ಯುತ್ ಸಂಪರ್ಕ, ಹಾಲಿನ ಸಂಘದಿಂದ ಬರುವ ಬಟವಾಡೆ, ಮಾರುಕಟ್ಟೆಯ ಚೀಟಿಗಳು, ಹೊಸದಾಗಿ ಕೊಂಡ ಟ್ರ್ಯಾಕ್ಟರು ಅಥವಾ ಕಾರು, ಕಟ್ಟಿಸಿದ ಮನೆ ಇವೆಲ್ಲವೂ ಮಾತನಾಡುತ್ತವೆ. ಅವಿಭಕ್ತ ಕುಟುಂಬದ ಜಮೀನಿನಲ್ಲಿ ತಂದೆಗೆ ಇರುವ ಪಾಲೂ ಲೆಕ್ಕಕ್ಕೆ ಬರುತ್ತದೆ.

ಇಲ್ಲಿ ಇನ್ನೊಂದು ಮಾತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮತಃ ಹಕ್ಕು ಕೊಡುವ ಕಾನೂನನ್ನು ಕರ್ನಾಟಕ ೧೯೯೪ರಲ್ಲಿಯೇ ಮಾಡಿತು. ೨೦೦೫ರಲ್ಲಿ ಕೇಂದ್ರದ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ತಂದೆ ತಾಯಿ ಬೇರೆಯಾದ ಮಾತ್ರಕ್ಕೆ ಮಗು ಆ ಮನೆತನದಿಂದ ಬೇರೆಯಾಗುವುದಿಲ್ಲ. ಜೀವನಾಂಶದ ಚರ್ಚೆಯಲ್ಲಿ ಹಿರಿಯರು ಇದನ್ನೂ ನೆನಪಿನಲ್ಲಿಡುವುದು ಲೇಸು.

ಛಾಪಾ ಕಾಗದದ ರಾಜಿ

ನಮ್ಮ ಹಳ್ಳಿಗಳಲ್ಲಿ ಸಂಸಾರದ ವ್ಯಾಜ್ಯ ಮೊದಲು ಬರುವುದು ಯಜಮಾನರ ಮುಂದೆ. ಅದು ತಪ್ಪಲ್ಲ. ಊರಿನ ಮರ್ಯಾದೆ, ಎರಡು ಮನೆಗಳ ಮನಸ್ಸು ಎರಡನ್ನೂ ಅರಿತವರು ಅವರು. ಆದರೆ ಅಲ್ಲಿ ನಡೆಯುವ ಒಂದು ರೂಢಿಯನ್ನು ನಾವು ಒಪ್ಪಲಾರೆವು. ಒಂದಿಷ್ಟು ಹಣವನ್ನು ಒಟ್ಟಾಗಿ ಕೊಡಿಸಿ, ‘ಇನ್ನು ಮುಂದೆ ತನಗಾಗಲಿ ಮಗುವಿಗಾಗಲಿ ಏನನ್ನೂ ಕೇಳುವುದಿಲ್ಲ’ ಎಂದು ಛಾಪಾ ಕಾಗದದ ಮೇಲೆ ತಾಯಿಯಿಂದ ರುಜು ಹಾಕಿಸಿಕೊಳ್ಳುವುದು ಆ ರೂಢಿ. ತಾಯಿ ತನ್ನ ಹಕ್ಕನ್ನು ಬಿಟ್ಟುಕೊಡಬಹುದು; ಮಗುವಿನ ಹಕ್ಕನ್ನು ಬಿಟ್ಟುಕೊಡಲು ಆಕೆ ಯಾರು? ಮಗುವಿನ ಜೀವನಾಂಶ ಮಗುವಿನದೇ ಹಕ್ಕು, ತಂದೆ ತಾಯಿಯರ ಒಪ್ಪಂದದಿಂದ ಅದು ನಶಿಸದು ಎಂಬುದು ನ್ಯಾಯಾಲಯಗಳ ನಿಲುವು. ಅಂತಹ ಕಾಗದಕ್ಕೆ ಹೆದರಿ ಮನೆಯಲ್ಲಿ ಕುಳಿತ ತಾಯಂದಿರು ಹೆದರಬೇಕಾಗಿಲ್ಲ.

ರಾಜಿ ಮಾಡಿಸುವ ಹಿರಿಯರಲ್ಲಿ ನಮ್ಮ ವಿನಂತಿಯೊಂದಿದೆ. ಮೊತ್ತವನ್ನು ಬರೆಯುವಾಗಲೇ ಅದು ಎಷ್ಟು ವರ್ಷಕ್ಕೊಮ್ಮೆ ಎಷ್ಟು ಏರಬೇಕೆಂಬುದನ್ನೂ ಬರೆಸಿರಿ. ಸರ್ವೋಚ್ಚ ನ್ಯಾಯಾಲಯವೇ ೨೦೨೫ರ ಮೇ ತಿಂಗಳಲ್ಲಿ ಒಬ್ಬ ಮಹಿಳೆಯ ಶಾಶ್ವತ ಜೀವನಾಂಶವನ್ನು ತಿಂಗಳಿಗೆ ೫೦,೦೦೦ ರೂಪಾಯಿಗೆ ಏರಿಸಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಹೆಚ್ಚಬೇಕೆಂದು ಆದೇಶಿಸಿತು. ಅದು ಹೆಂಡತಿಯ ಪ್ರಕರಣ, ಮೊತ್ತವೂ ನಮ್ಮ ಹಳ್ಳಿಗಳ ಅಳತೆಯದಲ್ಲ. ಆದರೆ ಏರಿಕೆಯ ನಿಯಮವನ್ನು ಆದೇಶದೊಳಗೇ ಹೆಣೆದ ಆ ವಿವೇಕ ಎಲ್ಲರಿಗೂ ಅನುಸರಣೀಯ. ಇಂಗ್ಲೆಂಡಿನಲ್ಲಿ ಮಕ್ಕಳ ಜೀವನಾಂಶವನ್ನು ನೋಡಿಕೊಳ್ಳುವ ಸರ್ಕಾರಿ ವ್ಯವಸ್ಥೆಯೇ ತಂದೆಯ ಆದಾಯ ತೆರಿಗೆಯ ದಾಖಲೆ ನೋಡಿ ವರ್ಷಕ್ಕೊಮ್ಮೆ ಮೊತ್ತವನ್ನು ಪುನರ್ವಿಮರ್ಶಿಸುತ್ತದೆ. ನಮ್ಮಲ್ಲಿ ಅಂತಹ ವ್ಯವಸ್ಥೆಯಿಲ್ಲ, ಕೇಳಿದವರಿಗಷ್ಟೇ ದೊರೆಯುತ್ತದೆ. ಆದ್ದರಿಂದಲೇ ಮೊದಲೇ ಬರೆಸಿಡುವುದು ಜಾಣತನ. ಹಿರಿಯರ ಮುಂದೆ ಆದ ರಾಜಿಯನ್ನು ನ್ಯಾಯಾಲಯದಲ್ಲಿಯೋ ಲೋಕ ಅದಾಲತ್ತಿನಲ್ಲಿಯೋ ದಾಖಲಿಸಿದರೆ ಅದಕ್ಕೆ ಆದೇಶದ ಬಲ ಬರುತ್ತದೆ.

ಅರ್ಜಿಯ ಹಾದಿ

ನ್ಯಾಯಾಲಯವೆಂದೊಡನೆ ನಮ್ಮ ಹೆಣ್ಣುಮಕ್ಕಳಿಗೆ ಎರಡು ಭಯ: ಖರ್ಚು ಮತ್ತು ಮಾನ. ಖರ್ಚಿನ ಮಾತು ಮೊದಲು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ ೧೯೯೫ರ ನವೆಂಬರ್ ೯ರಿಂದ ಜಾರಿಯಲ್ಲಿದೆ. ಅದರ ೧೨ನೆಯ ಕಲಮಿನಂತೆ ಮಹಿಳೆಯರಿಗೂ ಮಕ್ಕಳಿಗೂ ಅವರ ಆದಾಯವೆಷ್ಟೆಂದು ಕೇಳದೆಯೇ ಉಚಿತ ಕಾನೂನು ನೆರವು ಸಲ್ಲಬೇಕು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನೂ, ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಪ್ರಾಧಿಕಾರವನ್ನೂ ಕಂಡು ಬಿಳಿ ಕಾಗದದಲ್ಲಿ ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸಿಕೊಡುತ್ತಾರೆ. ೧೫೧೦೦ ಎಂಬ ದೂರವಾಣಿ ಸಂಖ್ಯೆಯಲ್ಲಿಯೂ ನೆರವು ಕೇಳಬಹುದು.

ಸಿದ್ಧಪಡಿಸಿಕೊಳ್ಳಬೇಕಾದ ಕಾಗದಗಳು ಇವು: ಹಿಂದಿನ ಆದೇಶದ ದೃಢೀಕೃತ ನಕಲು, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಶುಲ್ಕದ ರಸೀದಿಗಳು ಹಾಗೂ ವ್ಯಾಸಂಗ ಪತ್ರ, ವೈದ್ಯರ ಚೀಟಿಗಳು, ಮನೆ ಬಾಡಿಗೆಯ ಕರಾರು, ಜೀವನಾಂಶ ಜಮೆಯಾಗುವ ಬ್ಯಾಂಕಿನ ಪಾಸ್‌ಬುಕ್ಕು, ತಂದೆಯ ಆದಾಯಕ್ಕೆ ಸಿಕ್ಕಷ್ಟು ಪುರಾವೆ. ಮೂರು ನಾಲ್ಕು ತಿಂಗಳು ಮೊದಲೇ ಒಂದು ನೋಟುಪುಸ್ತಕದಲ್ಲಿ ಮಗುವಿನ ಖರ್ಚನ್ನು ದಿನದಿನವೂ ಬರೆದಿಟ್ಟರೆ, ಪ್ರಮಾಣಪತ್ರ ಬರೆಸುವಾಗ ತಡವರಿಸಬೇಕಾಗುವುದಿಲ್ಲ. ಅರ್ಜಿಯನ್ನು ಸಾಮಾನ್ಯವಾಗಿ ಹಿಂದಿನ ಆದೇಶ ಮಾಡಿದ ನ್ಯಾಯಾಲಯದಲ್ಲಿಯೇ ಸಲ್ಲಿಸುವುದು ವಾಡಿಕೆ. ಕುಟುಂಬ ನ್ಯಾಯಾಲಯವಿರುವಲ್ಲಿ ಅಲ್ಲಿ, ಇಲ್ಲದ ಕಡೆ ದಂಡಾಧಿಕಾರಿಗಳ ಮುಂದೆ. ೧೯೮೪ರ ಕುಟುಂಬ ನ್ಯಾಯಾಲಯಗಳ ಅಧಿನಿಯಮ, ಮೊದಲು ಸಂಧಾನಕ್ಕೆ ಯತ್ನಿಸುವುದು ನ್ಯಾಯಾಧೀಶರ ಕರ್ತವ್ಯವೆಂದೇ ಹೇಳುತ್ತದೆ. ಆದ್ದರಿಂದ ನ್ಯಾಯಾಲಯಕ್ಕೆ ಹೋಗುವುದೆಂದರೆ ಯುದ್ಧಕ್ಕೆ ಹೊರಟಂತೆ ಎಂದು ಭಾವಿಸಬೇಕಾಗಿಲ್ಲ.

ಕೇಳುವ ಮೊತ್ತ ಸತ್ಯವಾಗಿರಬೇಕು. ೨೦೨೪ರ ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಒಬ್ಬ ಮಹಿಳೆಯ ಪರವಾಗಿ ತಿಂಗಳಿಗೆ ಆರು ಲಕ್ಷ ರೂಪಾಯಿಗೂ ಮೀರಿದ ಖರ್ಚಿನ ಪಟ್ಟಿ ಸಲ್ಲಿಕೆಯಾದಾಗ, ನ್ಯಾಯಮೂರ್ತಿಗಳು ಅದನ್ನು ಕಟುವಾಗಿ ಪ್ರಶ್ನಿಸಿದುದು ನಾಡಿನಾದ್ಯಂತ ಚರ್ಚೆಯಾಯಿತು. ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಇಲ್ಲಿ ಸ್ಮರಿಸಬಹುದು. ಪತಿ ಮಾರಯ್ಯ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಮಿಕ್ಕುದನ್ನು ಹಿಂದಿರುಗಿಸಿ ಬನ್ನಿರೆಂದು ಆಕೆ ಕಳುಹಿಸಿದಳು. ಹೆಚ್ಚಿಗೆ ಕೂಡಿಡುವುದು ಆಸೆ. ಬೇಕಾದಷ್ಟನ್ನು ತರುವುದು ಕಾಯಕ. ಲಕ್ಕಮ್ಮ ದಾಸೋಹಕ್ಕೆ ಬೇಕಾದ ಅಕ್ಕಿಯನ್ನು ಬೇಡವೆನ್ನಲಿಲ್ಲ ಎಂಬುದನ್ನೂ ಮರೆಯಬಾರದು. ಅಗತ್ಯಕ್ಕಿಂತ ಹೆಚ್ಚು ಕೇಳುವುದು ಎಷ್ಟು ತಪ್ಪೋ, ಮಗುವಿಗೆ ಅಗತ್ಯವಾದುದನ್ನು ನಾಚಿಕೆಯಿಂದ ಕೇಳದಿರುವುದೂ ಅಷ್ಟೇ ತಪ್ಪು.

ಇನ್ನು ಮಾನದ ಮಾತು. ಮಲೆಯ ಮಾದಪ್ಪನ ಕಥೆಯನ್ನು ಕಂಸಾಳೆಯ ದನಿಯಲ್ಲಿ ಕೇಳಿ ಬೆಳೆದ ಸೀಮೆ ಇದು. ಗಂಡನ ಅನುಮಾನಕ್ಕೆ ಗುರಿಯಾಗಿ ಘೋರ ಹಿಂಸೆಯುಂಡ ಸಂಕಮ್ಮ ಮೊರೆಯಿಟ್ಟಾಗ ಮಾದಪ್ಪ ಆಕೆಯ ಕೈಬಿಡಲಿಲ್ಲ. ಮೊರೆಯಿಟ್ಟುದರಿಂದ ಸಂಕಮ್ಮನ ಮಾನ ಹೋಯಿತೆಂದು ನಮ್ಮಲ್ಲಿ ಯಾರೂ ಹಾಡಿಲ್ಲ. ಆಕೆಯನ್ನು ತಾಯಿಯೆಂದೇ ಕೊಂಡಾಡಿದ್ದಾರೆ. ಮಗುವಿನ ಅನ್ನಕ್ಕಾಗಿ ಮೊರೆಯಿಡುವ ತಾಯಿಯ ಮಾನ ಹೇಗೆ ಹೋದೀತು?

ಕೊಡದಿದ್ದರೆ?

ಆದೇಶವಾದರೂ ಹಣ ಬಾರದಿದ್ದರೆ ಅದರ ಜಾರಿಗೆ ಅರ್ಜಿ ಹಾಕಬೇಕು. ದಂಡಾಧಿಕಾರಿಗಳು ಬಾಕಿಯನ್ನು ದಂಡದಂತೆ ವಸೂಲು ಮಾಡಲು ವಾರಂಟು ಹೊರಡಿಸಬಹುದು. ಆಗಲೂ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆಮನೆಗೆ ಕಳುಹಿಸಬಹುದು. ಸೆರೆವಾಸ ಅನುಭವಿಸಿದ ಮಾತ್ರಕ್ಕೆ ಬಾಕಿ ತೀರುವುದಿಲ್ಲ. ಆದರೆ ಇಂತಹ ವಾರಂಟಿಗೆ ಬಾಕಿ ಬಂದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ. ‘ನಾಳೆ ಕೊಟ್ಟಾನು, ಹಬ್ಬ ಕಳೆಯಲಿ, ಅರಿಶಿನ ಮಾರಾಟವಾಗಲಿ’ ಎಂದು ವರ್ಷ ಮೀರಿಸಿಕೊಳ್ಳಬಾರದು.

ತಂದೆಯ ಪಕ್ಷ

ಈವರೆಗೆ ತಾಯಿಯ ಕಡೆಯಿಂದ ಮಾತನಾಡಿದೆವು. ನ್ಯಾಯದ ತಕ್ಕಡಿಗೆ ಎರಡು ತಟ್ಟೆಗಳಿವೆ. ಸನ್ನಿವೇಶ ಬದಲಾದರೆ ಮೊತ್ತ ಏರಬಹುದು ಎಂದ ಕಾನೂನೇ ಅದು ಇಳಿಯಲೂಬಹುದು ಎನ್ನುತ್ತದೆ. ತಂದೆಗೆ ಕಾಯಿಲೆಯಾಗಿದ್ದರೆ, ಬೆಳೆ ನಿಜವಾಗಿ ನಷ್ಟವಾಗಿದ್ದರೆ, ವೃದ್ಧ ತಂದೆತಾಯಿಯರ ಭಾರ ಅವನ ಮೇಲಿದ್ದರೆ ಅದನ್ನು ಅವನೂ ನ್ಯಾಯಾಲಯಕ್ಕೆ ತಿಳಿಸಬಹುದು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಪ್ರಕರಣದಲ್ಲಿ ಉಚ್ಚ ನ್ಯಾಯಾಲಯ ಏರಿಸಿದ್ದ ೨೩,೦೦೦ ರೂಪಾಯಿಯನ್ನು, ಪತಿಯ ಮೇಲಿನ ಇತರ ಹೊಣೆಗಳನ್ನು ಪರಿಗಣಿಸಿ ೨೦,೦೦೦ಕ್ಕೆ ಇಳಿಸಿತು. ಮಾಡಬಾರದುದು ಒಂದೇ: ಹೇಳದೆ ಕೇಳದೆ ತಾನೇ ನಿಲ್ಲಿಸಿಬಿಡುವುದು.

ಮಗುವನ್ನು ನೋಡಲು ಬಿಡಲಿಲ್ಲವೆಂದು ಹಣ ನಿಲ್ಲಿಸುವ ತಂದೆಯೂ, ಹಣ ಬರಲಿಲ್ಲವೆಂದು ಮಗುವನ್ನು ತೋರಿಸದ ತಾಯಿಯೂ ಒಂದೇ ತಪ್ಪನ್ನು ಮಾಡುತ್ತಾರೆ. ಅನ್ನವೂ ಮಗುವಿನ ಹಕ್ಕು, ಅಪ್ಪನ ಮುಖವೂ ಮಗುವಿನ ಹಕ್ಕು. ಒಂದನ್ನು ಅಡವಿಟ್ಟು ಇನ್ನೊಂದನ್ನು ಬಿಡಿಸಿಕೊಳ್ಳುವ ವ್ಯಾಪಾರ ಇಲ್ಲಿ ಸಲ್ಲದು.

ಮಠ ಹಾಗೂ ಸಮಾಜದ ಹೊಣೆ

ನಮ್ಮ ಮಠಗಳು ನ್ಯಾಯದಾನಕ್ಕೂ ಅನ್ನದಾನಕ್ಕೂ ಹೆಸರಾದವು. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ವ್ಯಾಜ್ಯ ಪರಿಹಾರಕ್ಕೆ ಬರುವ ಜನಸ್ತೋಮವನ್ನು ನಾಡು ಬಲ್ಲದು. ಸುತ್ತೂರು ಮಠ, ಸಿದ್ಧಗಂಗಾ ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಅಸಂಖ್ಯ ಮಕ್ಕಳು ಉಂಡು ಓದಿ ಬೆಳೆದಿದ್ದಾರೆ. ನಮ್ಮ ಸೀಮೆಯ ಹರದನಹಳ್ಳಿಯೇ ಗೋಸಲ ಚನ್ನಬಸವೇಶ್ವರರ ಹಾಗೂ ತೋಂಟದ ಸಿದ್ಧಲಿಂಗ ಯತಿಗಳ ಹೆಸರಿನಿಂದ ಪುನೀತವಾದುದು. ಗುರುಮನೆಯ ಆಸರೆ ಇಲ್ಲಿ ಹೊಸತಲ್ಲ.

ಆದರೆ ದಾಸೋಹದ ಅರ್ಥವನ್ನು ತಪ್ಪಾಗಿ ತಿಳಿಯಬಾರದು. ‘ಮಗುವನ್ನು ಮಠಕ್ಕೆ ಸೇರಿಸಿದರೆ ಊಟವೂ ವಿದ್ಯೆಯೂ ಸಿಗುತ್ತದೆ, ನಾನೇಕೆ ಕೊಡಬೇಕು?’ ಎನ್ನುವ ಶಕ್ತ ತಂದೆ, ಅನಾಥ ಮಗುವಿನ ತಟ್ಟೆಯಿಂದ ತುತ್ತು ಕಸಿದಂತೆ. ದಿಕ್ಕಿಲ್ಲದವರಿಗೆ ಮೀಸಲಾದುದನ್ನು ದಿಕ್ಕಿರುವವನು ಬಳಸಿಕೊಳ್ಳುವುದು ಕಾಯಕಧರ್ಮವಲ್ಲ. ಮಠದ ದಾಸೋಹಕ್ಕೆ ಅರಿಶಿನ, ಅಕ್ಕಿ ಮೂಟೆಗಳನ್ನು ಭಕ್ತಿಯಿಂದ ಒಪ್ಪಿಸುವ ಕೈ, ತನ್ನ ಮಗುವಿನ ಜೀವನಾಂಶಕ್ಕೆ ಬಂದಾಗ ಬಿಗಿಯಾದರೆ, ಆ ಕಾಣಿಕೆಯನ್ನು ಜಂಗಮ ಮೆಚ್ಚುವುದುಂಟೆ?

ಆದ್ದರಿಂದ ನಾವು ಕೋರುವುದಿಷ್ಟು. ಯಜಮಾನರು ರಾಜಿಪತ್ರಗಳಲ್ಲಿ ಮಗುವಿನ ಹಕ್ಕನ್ನು ಬರೆದು ಅಳಿಸದಿರಲಿ. ಏರಿಕೆಯ ಮಾತನ್ನು ಸೇರಿಸಲಿ. ಊರಿನ ಓದುಬಲ್ಲ ತರುಣರು ಇಂತಹ ತಾಯಂದಿರಿಗೆ ಪಹಣಿ ತೆಗೆದುಕೊಡಲಿ, ಕಾನೂನು ನೆರವಿನ ಕಚೇರಿಯವರೆಗೆ ಜತೆಯಲ್ಲಿ ಹೋಗಲಿ. ಬೇರೆಯಾದ ತಂದೆಯರು ನ್ಯಾಯಾಲಯದ ನೋಟೀಸಿಗೆ ಕಾಯದೆ, ಮಗು ಹೊಸ ತರಗತಿಗೆ ಕಾಲಿಡುವ ಪ್ರತಿ ಜೂನ್‌ನಲ್ಲಿ ತಾವಾಗಿಯೇ ಮೊತ್ತವನ್ನು ಏರಿಸಲಿ. ಹಾಗೆ ಮಾಡಿದವನ ಮೇಲೆ ಯಾವ ತಾಯಿಯೂ ಅರ್ಜಿ ಹಾಕುವುದಿಲ್ಲ. ದೊಡ್ಡವನಾದ ಮೇಲೆ ಆ ಮಗು ಅಪ್ಪನ ಮನೆಯ ಬಾಗಿಲಿಗೆ ಬರುವ ದಾರಿಯೂ ತೆರೆದಿರುತ್ತದೆ.